ಎರಡು ಕಚ್ಚಿನ ಡ್ರೈವ್

ಜಡೇಸ್ವಾಮಿ ಕೌದಳ್ಳಿಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ಆರು ವರ್ಷದವರಿದ್ದಾಗ ದಡಾರ ಬಂದು ಎರಡು ಕಣ್ಣೂ ಹೋಗಿದ್ದವು. ಮನೆ ಹನೂರಿನಲ್ಲಿ, ಹೆಂಡತಿ ರತ್ನ ಅಲ್ಲೇ ಅಂಗನವಾಡಿ ಟೀಚರ್. ಪಾಠದ ಟಿಪ್ಪಣಿ, ಪ್ರಶ್ನೆಪತ್ರಿಕೆ, ಮಕ್ಕಳ ಅಂಕಪಟ್ಟಿ, ಎಲ್ಲವನ್ನೂ ಅವರು ಒಂದು ಲ್ಯಾಪ್‌ಟಾಪಿನಲ್ಲಿ ಇಟ್ಟುಕೊಂಡಿದ್ದರು. ಪರದೆಯ ಮೇಲಿದ್ದುದನ್ನು ಗಟ್ಟಿಯಾಗಿ ಓದಿ ಹೇಳುವ ವ್ಯವಸ್ಥೆ ಅದರಲ್ಲಿತ್ತು.

ಲ್ಯಾಪ್‌ಟಾಪಿಗೆ ವಯಸ್ಸಾಗಿತ್ತು. ಗುಂಡಿ ಒತ್ತಿದ ಮೇಲೆ ಮೊದಲ ಮಾತಾಡಲು ಒಂಬತ್ತು ನಿಮಿಷ ಬೇಕಾಗುತ್ತಿತ್ತು. ಕಣ್ಣಿದ್ದವರಿಗೆ ಪರದೆಯ ಮೇಲೆ ತಿರುಗುವ ಚಕ್ರವಾದರೂ ಕಾಣುತ್ತದೆ. ಜಡೇಸ್ವಾಮಿಗೆ ಬರೀ ಮೌನ. ಕೆಟ್ಟು ನಿಂತಿದೆಯೋ, ಏಳುತ್ತಿದೆಯೋ ತಿಳಿಯದೆ ಅಂಗೈ ಊರಿ ಕೂತಿರಬೇಕು. ಒಂದು ದಿನ ಶಾಲೆಗೆ ಬಂದ ಅಧಿಕಾರಿಯೊಬ್ಬರು ಒಂಬತ್ತನೇ ತರಗತಿಯ ಅಂಕಪಟ್ಟಿ ಕೇಳಿದರು. ಸ್ವಲ್ಪ ಹೊತ್ತು ಕಾದು, "ಇರ್ಲಿ ಬಿಡಿ ಮೇಷ್ಟ್ರೇ, ನಿಮಗ್ಯಾಕೆ ತೊಂದರೆ, ಬೇರೆಯವರ ಹತ್ರ ಇಸ್ಕೊತೀನಿ" ಎಂದು ಎದ್ದುಹೋದರು. ಜೀಪು ಗೇಟು ದಾಟುವಾಗ ಲ್ಯಾಪ್‌ಟಾಪು ಮಾತಾಡಿತು.

ಅವತ್ತು ಸಂಜೆ ಜಡೇಸ್ವಾಮಿ ರತ್ನಳಿಂದ ಲ್ಯಾಪ್‌ಟಾಪಿನ ತಳದಲ್ಲಿದ್ದ ಮಾಡೆಲ್ ನಂಬರು ಓದಿಸಿಕೊಂಡರು. ಕಂಪನಿಯ ಕೈಪಿಡಿಯನ್ನು ಹುಡುಕಿ ಎರಡು ಸಂಜೆ ಮೊಬೈಲಿನಲ್ಲಿ ಕೇಳಿದರು. ತಿರುಗುವ ಹಳೇ ಹಾರ್ಡ್ ಡಿಸ್ಕೇ ಈ ನಿಧಾನಕ್ಕೆ ಕಾರಣ. ಅದರ ಪಕ್ಕದಲ್ಲೇ ತಿರುಗುವ ಭಾಗವಿಲ್ಲದ ವೇಗದ ಡ್ರೈವ್, ಅಂದರೆ ಬೆರಳುದ್ದದ ಎಸ್‌ಎಸ್‌ಡಿ ಕೂರಿಸಲು ಒಂದು ಖಾಲಿ ಜಾಗವಿತ್ತು. ಆದರೆ ಅಂಥ ಎಸ್‌ಎಸ್‌ಡಿಗಳಲ್ಲಿ ಎರಡು ಜಾತಿ. ಎರಡರ ಅಳತೆಯೂ ಒಂದೇ. ಸಾಟಾ ಅನ್ನುವುದು ಹಳೆಯದು, ಎನ್‌ವಿಎಂಇ ಅನ್ನುವುದು ಹೊಸದು, ಬಲು ವೇಗದ್ದು. ಇವರ ಲ್ಯಾಪ್‌ಟಾಪು ಹಳೆಯದನ್ನು ಮಾತ್ರ ಗುರುತಿಸುತ್ತಿತ್ತು.

ಶನಿವಾರ ಶಾಲೆ ಬಿಟ್ಟ ಮೇಲೆ ಗಂಡ ಹೆಂಡತಿ ಇಬ್ಬರೂ ಕೊಳ್ಳೇಗಾಲಕ್ಕೆ ಹೋದರು. ಬಸ್ ಸ್ಟ್ಯಾಂಡಿನ ಹತ್ತಿರ ಗುರುಪ್ರಕಾಶ್ ಎಂಬುವನ ಕಂಪ್ಯೂಟರ್ ಅಂಗಡಿ. ಒಳ್ಳೇ ಕೆಲಸಗಾರ, ಆದರೆ ಅವಸರದವನು.

"ಏನ್ ಪ್ರಾಬ್ಲಮ್ಮು ಮೇಡಂ? ಸಾರು ಇದ್ರಲ್ಲಿ ಏನ್ ಮಾಡ್ತಾರೆ?" ಎಂದು ಅವನು ರತ್ನಳನ್ನು ಕೇಳಿದ.

"ಅವರೇ ಇದಾರಲ್ಲ, ಅವರನ್ನೇ ಕೇಳಿ" ಎಂದಳು ರತ್ನ.

"ಇದಕ್ಕೆ ಸಾಟಾ ಎಸ್‌ಎಸ್‌ಡಿ ಬೇಕು. ಇನ್ನೊಂದು ಜಾತಿದು ನಡೆಯಲ್ಲ" ಎಂದರು ಜಡೇಸ್ವಾಮಿ.

"ಅದೆಲ್ಲ ನಾ ನೋಡ್ಕತೀನಿ ಸಾ, ಎಲ್ಲಾ ಒಂದೇ ಸೈಜು, ಕೂತ್ಕತದೆ" ಎಂದ ಗುರುಪ್ರಕಾಶ್. ಮತ್ತೆ ರತ್ನಳ ಕಡೆಗೆ ತಿರುಗಿ, "ಬಿಟ್ಟೋಗಿ ಮೇಡಂ, ಫೋನ್ ಮಾಡ್ತೀನಿ. ನಿಮ್ ನಂಬರ್ ಏಳಿ" ಎಂದ.

ಜಡೇಸ್ವಾಮಿ ಮತ್ತೆ ಮಾತಾಡಲಿಲ್ಲ.

ಮಂಗಳವಾರ ಫೋನು ಬಂತು. ಎಸ್‌ಎಸ್‌ಡಿ ಕೂತಿದೆ, ಸ್ಕ್ರೂನೂ ಹಾಕಿದ್ದಾಗಿದೆ, ಆದರೆ ಲ್ಯಾಪ್‌ಟಾಪು ಅದನ್ನು ತೋರಿಸುತ್ತಿಲ್ಲ. ಒಳಗಿನ ಬೋರ್ಡು ಹೋಗಿರಬೇಕು, ಹೊಸ ಲ್ಯಾಪ್‌ಟಾಪೇ ತಗೊಳ್ಳುವುದು ಒಳ್ಳೆಯದು ಎಂದು ಗುರುಪ್ರಕಾಶ್ ರತ್ನಳಿಗೆ ಹೇಳಿದ.

ರತ್ನ ಫೋನಿಟ್ಟು ಗಂಡನ ಎದುರು ಕೂತಳು. "ನೀವು ಗಟ್ಟಿಯಾಗಿ ಏಳ್ಬೇಕಿತ್ತು."

"ಹೇಳ್ದೆನಲ್ಲ."

"ಒಂದ್ಸಲ ಏಳುದ್ರಿ. ಅವನು ಕೇಳ್ನಿಲ್ಲ ಅಂತ ನಿಮಗೂ ಗೊತ್ತಾಯ್ತು, ನನಗೂ ಗೊತ್ತಾಯ್ತು. ಆಮೇಲೆ ಯಾಕೆ ಸುಮ್ನಾದ್ರಿ?"

ಜಡೇಸ್ವಾಮಿ ಆ ರಾತ್ರಿ ಊಟ ಮಾಡುವಾಗಲೂ ಅದನ್ನೇ ಯೋಚಿಸುತ್ತಿದ್ದರು. ಹೋಟೆಲಿನಲ್ಲಿ "ಇವರಿಗೇನು ಬೇಕಂತೆ?" ಎಂದು ಪಕ್ಕದವರನ್ನು ಕೇಳುತ್ತಾರೆ. ಬಸ್ಸಿನಲ್ಲಿ "ಇವರು ಎಲ್ಲಿಳೀತಾರೆ?" ಎನ್ನುತ್ತಾರೆ. ಒಂದು ಸಲ ಹೇಳುವುದು, ಕೇಳಿಸಿಕೊಳ್ಳದಿದ್ದರೆ ಬಿಡುವುದು. ಅದನ್ನು ಅವರು ತಾಳ್ಮೆ ಎಂದುಕೊಂಡಿದ್ದರು. ತಾಳ್ಮೆಯೋ, ಸೋಲಿನ ರೂಢಿಯೋ ಎಂದು ಈಗ ಅನುಮಾನ ಬಂತು.

"ನಾಳೆ ಅರ್ಧ ದಿನ ರಜೆ ಹಾಕ್ತೀನಿ. ನಾನೊಬ್ನೇ ಹೋಗಿ ಬರ್ತೀನಿ" ಎಂದರು.

"ಹೋಗಿಬನ್ನಿ" ಎಂದಳು ರತ್ನ. ಜೊತೆಗೆ ಬರಲೇ ಎಂದು ಕೇಳಲಿಲ್ಲ.

ಮರುದಿನ ಮಧ್ಯಾಹ್ನ ಕೊಳ್ಳೇಗಾಲದಲ್ಲಿ ಇಳಿದು, ಕೋಲು ಊರುತ್ತ, ಇಬ್ಬರನ್ನು ದಾರಿ ಕೇಳಿಕೊಂಡು ಅಂಗಡಿ ತಲುಪಿದರು.

"ಮೇಡಂ ಬರ್ನಿಲ್ವಾ ಸಾ?" ಎಂದ ಗುರುಪ್ರಕಾಶ್.

"ಇಲ್ಲ. ಲ್ಯಾಪ್‌ಟಾಪ್ ನಂದು. ಹಾಕಿದ್ದ ಆ ಡ್ರೈವ್ ಬಿಚ್ಚಿ ನನ್ನ ಕೈಗೆ ಕೊಡಿ."

ಗುರುಪ್ರಕಾಶ್ ಬಿಚ್ಚಿ ಕೊಟ್ಟ. ಚಕ್ಕೆಯಂಥ ತೆಳು ಪಟ್ಟಿ. ಜಡೇಸ್ವಾಮಿ ಅದರ ತುದಿಯ ಮೇಲೆ ಉಗುರು ಎಳೆದರು. ಸಣ್ಣ ಹಲ್ಲುಗಳ ಸಾಲು, ನಡುವೆ ಒಂದು ಕಡೆ ಕಡಿದಂತೆ ಕಚ್ಚು. ಇನ್ನೊಂದು ಸಲ ಎಳೆದು ನೋಡಿದರು.

"ಇದರಲ್ಲಿ ಒಂದೇ ಕಚ್ಚಿದೆ. ಇದು ಎನ್‌ವಿಎಂಇ. ಸಾಟಾಕ್ಕೆ ಸಾಮಾನ್ಯವಾಗಿ ಎರಡು ಕಚ್ಚು ಇರ್ತವೆ. ಎರಡು ಕಚ್ಚಿದ್ದ ಮಾತ್ರಕ್ಕೆ ನಂಬೋಹಾಗಿಲ್ಲ, ಕೆಲವು ಎನ್‌ವಿಎಂಇಗೂ ಎರಡಿರ್ತವೆ, ಮೇಲಿನ ಚೀಟಿನೂ ಓದಬೇಕು. ಬೋರ್ಡು ಹೋಗಿಲ್ಲ. ನಂಬರು ಹೇಳ್ತೀನಿ, ಕಂಪನಿಯ ಪುಟ ತೆಗೆದು ನೋಡಿ."

ಗುರುಪ್ರಕಾಶ್ ನಂಬರು ಕೇಳಿ ಬರೆದುಕೊಂಡ. ಕೀಲಿಮಣೆಯ ಸದ್ದು ಕೇಳಿಸಿತು.

"ನೀವೇಳಿದ್ದು ಸರಿ ಸಾ" ಎಂದ ಕೊನೆಗೆ. "ಅವತ್ತೇ ಏಳಿದ್ರಿ. ನಾನು ಕಿವಿ ಮ್ಯಾಕೆ ಆಕ್ಕಳ್ನಿಲ್ಲ."

ಜಡೇಸ್ವಾಮಿ ಬಯ್ಯಬೇಕೆಂದುಕೊಂಡು ಬಂದಿದ್ದ ಮಾತುಗಳು ಬಸ್ಸಿನಲ್ಲಿದ್ದಾಗ ಚೆನ್ನಾಗಿದ್ದವು. ಈಗ ಅವು ಬೇಕೆನಿಸಲಿಲ್ಲ. "ಸರಿ, ಈಗ ನಿಮ್ಮತ್ರ ಏನಿದೆ ಹೇಳಿ" ಎಂದರು.

ಎರಡು ದಾರಿಗಳಿದ್ದವು. ಹಳೇ ಹಾರ್ಡ್ ಡಿಸ್ಕನ್ನೇ ತೆಗೆದು ಅದರ ಜಾಗಕ್ಕೆ ಚಪ್ಪಟೆ ಡಬ್ಬಿಯಂಥ ದೊಡ್ಡ ಎಸ್‌ಎಸ್‌ಡಿ ಹಾಕಬಹುದು. ಅದು ಅಂಗಡಿಯಲ್ಲೇ ಇತ್ತು, ಇವತ್ತೇ ಕೆಲಸ ಮುಗಿಯುತ್ತಿತ್ತು. ಇಲ್ಲವೇ ಪಟ್ಟಿಯಂಥ ಸಾಟಾ ಎಸ್‌ಎಸ್‌ಡಿಯನ್ನು ಮೈಸೂರಿನಿಂದ ತರಿಸಬೇಕು, ಮೂರು ದಿನ. ಆಗ ಹಾರ್ಡ್ ಡಿಸ್ಕೂ ಒಳಗೇ ಉಳಿಯುತ್ತದೆ. ಗುರುಪ್ರಕಾಶ್ ಡಬ್ಬಿಯನ್ನು ತಾನಾಗಿಯೇ ಅವರ ಅಂಗೈಗೆ ಇಟ್ಟು, ಎಲ್ಲಿ ಕೂರುತ್ತದೆ ಎಂದು ಅವರ ಬೆರಳು ಹಿಡಿದು ತೋರಿಸಿದ.

"ಹಾರ್ಡ್ ಡಿಸ್ಕ್ ಹೊರಗೆ ಇಟ್ರೆ ಬೇಕಾದಾಗೆಲ್ಲ ವಯರ್ ಚುಚ್ಚಬೇಕು, ಅಲ್ವಾ?"

"ಹೌದು ಸಾ. ಕ್ಲಾಸಿಗೆ ತಕಂಡೋಗೋದಾದ್ರೆ ಅದೊಂದು ರಗಳೆ."

ಹನ್ನೊಂದು ವರ್ಷದ ಪಾಠಗಳು, ಹುಡುಗರು ಓದಿಕೊಟ್ಟ ಪುಸ್ತಕಗಳ ರೆಕಾರ್ಡಿಂಗುಗಳು, ಎಲ್ಲ ಆ ಡಿಸ್ಕಿನಲ್ಲಿದ್ದವು. ಜಡೇಸ್ವಾಮಿ ಸ್ವಲ್ಪ ಯೋಚಿಸಿ, "ಮೈಸೂರಿಂದ ತರಿಸಿ. ನಾನು ಕಾಯ್ತೀನಿ. ಬಂದ ಮೇಲೆ ಫೋನ್ ನನಗೇ ಮಾಡಿ" ಎಂದು ನಂಬರು ಬರೆಸಿದರು.

ಶನಿವಾರ ಫೋನು ಬಂತು, ಅವರಿಗೇ. ಅಂಗಡಿಗೆ ಹೋದಾಗ ಗುರುಪ್ರಕಾಶ್ ಕೂರಿಸುವ ಮೊದಲು ಪಟ್ಟಿಯನ್ನು ಅವರ ಕೈಗೆ ಕೊಟ್ಟು, ಚೀಟಿಯನ್ನು ಗಟ್ಟಿಯಾಗಿ ಓದಿದ. ಕೆಲಸ ಮುಗಿಯಲು ಎರಡು ಗಂಟೆ ಹಿಡಿಯಿತು. ಆಮೇಲೆ ಜಡೇಸ್ವಾಮಿಯೇ ಗುಂಡಿ ಒತ್ತಿದರು. ಕುರ್ಚಿ ಮುಂದಕ್ಕೆಳೆದುಕೊಂಡು ಸರಿಯಾಗಿ ಕೂರುವಷ್ಟರಲ್ಲಿ ಲ್ಯಾಪ್‌ಟಾಪು ಮಾತಾಡತೊಡಗಿತು. ಅವರು ಒಂಬತ್ತನೇ ತರಗತಿಯ ಒಂದು ಪಾಠ ತೆರೆದರು.

"ಇದೇನ್ ಸಾ, ಇಷ್ಟು ಬಿರ್ರನೆ ಓದ್ತದೆ? ನಿಮಗೆ ಅರ್ಥ ಆಯ್ತದಾ?"

"ರೂಢಿ. ನಿಮಗೆ ನಿಧಾನ ಮಾಡ್ತೀನಿ, ಇರಿ."

ಧ್ವನಿ ನಿಧಾನವಾಯಿತು. ಕಾವೇರಿ ಬಯಲಿನ ಹಳೇ ಕೆರೆಕಾಲುವೆಗಳ ಪಾಠ. ಗುರುಪ್ರಕಾಶ್ ಸ್ಕ್ರೂಡ್ರೈವರ್ ಕೆಳಗಿಟ್ಟು ಕೇಳುತ್ತ ನಿಂತ. ಬಾಗಿಲಲ್ಲಿ ಯಾರೋ ಪ್ರಿಂಟರಿನ ಇಂಕು ಕೇಳಿದರು.

"ಒಂದೈದು ನಿಮಿಷ ಕೂತ್ಕಳಿ ಅಣ್ಣ" ಎಂದ ಅವನು. "ಮೇಷ್ಟ್ರುದು ಮುಗೀಲಿ."