ತಿರುವಿನ ಅಳತೆ

ಮಗಳು ಕೊಡಿಸಿದ ವಾಚು ಕಟ್ಟಿಕೊಂಡ ಮೇಲೆ ಆಕೆ ನಿಧಾನವಾದಳಂತೆ! ಹಾಗೆಂದವನು ಬೇರೆ ಯಾರೂ ಅಲ್ಲ, ಸ್ವಂತ ಅಳಿಯ. ಬಟ್ಟೆ ಕಾರ್ಖಾನೆಯ ಕಚೇರಿಯಲ್ಲಿ ಅವನಿಗೆ ಕೆಲಸ; ಊರಿನ ರಿಲೇ ಓಟಕ್ಕೆ ಹೋಗುವ ಕಾರ್ಖಾನೆ ತಂಡಕ್ಕೂ ಅವನೇ ಮುಂದಾಳು. ಆಕೆ ಅಲ್ಲೇ ಇಪ್ಪತ್ತಾರು ವರ್ಷದಿಂದ ಬಟ್ಟೆ ಕತ್ತರಿಸುವವಳು. ಕಿಲೋಮೀಟರಿಗೆ ಆರು ನಿಮಿಷದೊಳಗೆ ಓಡುವವರಿಗಷ್ಟೇ ಜಾಗ ಎಂದು ಅವನು ಗೋದಾಮಿನ ಗೋಡೆಗೆ ತಂಡದವರ ಹೆಸರಿನ ಚೀಟಿ ಅಂಟಿಸಿದ್ದ. ಆಕೆಯ ವಾಚು ಆರು ಹದಿನಾಲ್ಕು ಎನ್ನುತ್ತಿತ್ತು.

“ಬೇಜಾರ್ ಮಾಡ್ಕೋಬೇಡಿ ಅತ್ತೆ. ಉಪಗ್ರಹ ನೋಡಿ ಹೇಳೋ ವಾಚು ಅದು.”

“ಉಪಗ್ರಹ ಏನು, ನನ್ನ ಜೊತೆ ಓಡಿತ್ತಾ?”

ಆಕೆಗೆ ಮೈಯೆಲ್ಲ ಉರಿಯಿತು. ಇಷ್ಟು ವರ್ಷದಲ್ಲಿ ಆಕೆ ಬಾಯಿಬಿಟ್ಟು ಕೇಳಿದ್ದು ಆ ಒಂದು ಜಾಗ ಮಾತ್ರ. ದಿನಾ ಬೆಳಿಗ್ಗೆ ಪಾಳಿಗೆ ಮುಂಚೆ ಗೋದಾಮು, ನೀರಿನ ತೊಟ್ಟಿ, ಸೈಕಲ್ ಸ್ಟ್ಯಾಂಡು ಬಳಸಿ ಓಡುತ್ತಿದ್ದಳು. ಒಂದು ಸುತ್ತಿಗೆ ಎಂಟು ತಿರುವು. ಊಟದ ಬಿಡುವಿನಲ್ಲಿ, ವಾಚು ಗುರುತು ಹಾಕಿಕೊಂಡ ದಾರಿಯನ್ನು ಫೋನಿನಲ್ಲಿ ತೆರೆದು ದಿಟ್ಟಿಸಿದಳು. ಒಂದು ತಿರುವೂ ಪೂರ್ತಿಯಾಗಿಲ್ಲ, ಎಲ್ಲವನ್ನೂ ಅಡ್ಡ ಹಾದಿತ್ತು. ಗೆರೆ ಗೋದಾಮಿನ ಗೋಡೆ ತೂರಿ, ತೊಟ್ಟಿಯಲ್ಲಿ ಮುಳುಗೆದ್ದು ಹೋಗಿತ್ತು! ಕೆಲಸಕ್ಕೆ ಹೊಸದಾಗಿ ಬಂದವರು ಅಂಗಿಯ ಕುತ್ತಿಗೆಗೆ ಸ್ಕೇಲ್ ಇಟ್ಟು ಅಳೆಯುವುದೂ ಹೀಗೆಯೇ. ಅಳತೆ ಕಮ್ಮಿ ಬರುತ್ತದೆ, ಕಾಲರ್ ಕೂರುವುದಿಲ್ಲ. ತಿರುವಿಗೆ ಟೇಪನ್ನು ಅಂಚಿನ ಮೇಲೆ ನಿಲ್ಲಿಸಿ ತಿರುವಿನ ಜೊತೆಗೇ ಬಾಗಿಸಬೇಕು.

ಮರುದಿನ ಬೆಳಿಗ್ಗೆ, ಬಟ್ಟೆಯ ಅಂಚಿಗೆ ಹೊಲಿಯುವ ಪಟ್ಟಿಯ ಐದು ಸುರುಳಿ ಹೊತ್ತು ತಂದಳು. ಒಂದೊಂದೂ ಐವತ್ತು ಮೀಟರು. ಓಡುವ ದಾರಿಯುದ್ದಕ್ಕೂ ಬಿಚ್ಚಿ ಹಾಸಿದಾಗ ಸುತ್ತು ಇನ್ನೂರೈವತ್ತಕ್ಕೆ ಒಂದು ಮೊಳ ಕಮ್ಮಿ ಬಂತು. ಸೈಕಲ್ ಸ್ಟ್ಯಾಂಡಿನ ಬಳಿ ಪಟ್ಟಿಯನ್ನು ಸ್ವಲ್ಪ ಆಚೆ ಸರಿಸಿ ಆ ಮೊಳವನ್ನೂ ತುಂಬಿಸಿದಳು. ವಾಚಿನ ಪ್ರಕಾರ ಅದೇ ಸುತ್ತು ಇನ್ನೂರ ಮೂವತ್ತೆರಡು.

ಅಳಿಯನ ಕೈಗೆ ಸ್ಟಾಪ್‌ವಾಚ್ ಕೊಟ್ಟು ನಾಲ್ಕು ಸುತ್ತು, ಸರಿಯಾಗಿ ಒಂದು ಕಿಲೋಮೀಟರು, ಓಡಿದಳು. ಐದು ನಲವತ್ತೆಂಟು!

“ಆಯ್ತು ಅತ್ತೆ, ಸೇರಿಸ್ಕೋತೀನಿ ಬಿಡಿ,” ಎಂದ ಅವನು, ದೊಡ್ಡ ಮನಸ್ಸು ಮಾಡಿದವನ ಹಾಗೆ.

“ಬಿಡೋದೇನು? ನಿಮ್ಮದೆಷ್ಟು?”

“ಐದು ಐವತ್ತೆರಡು. ನಮ್ಮ ಬೀದೀಲಿ.”

ಅವನ ಬೀದಿಯ ಎರಡೂ ಕಡೆ ಹತ್ತು ಮಹಡಿಯ ಕಟ್ಟಡಗಳು; ಉಪಗ್ರಹದ ಸಂಕೇತ ಅವುಗಳಿಗೆ ಬಡಿದು ದಾರಿ ತಪ್ಪುವ ಜಾಗ. ಆಕೆ ಅವನ ಫೋನನ್ನೂ ಇಸಿದುಕೊಂಡು ನೋಡಿದಳು. ಅಲ್ಲಿ ಗೆರೆ ರಸ್ತೆಯ ಆಚೆಗೂ ಈಚೆಗೂ ತೂರಾಡಿತ್ತು. ಅವನು ಓಡದ ದೂರವನ್ನೂ ವಾಚು ಧಾರಾಳವಾಗಿ ಲೆಕ್ಕಕ್ಕೆ ಹಿಡಿದಿತ್ತು.

“ಶೂ ಬಿಗಿ ಮಾಡ್ಕೊಳ್ಳಿ ಅಳಿಯಂದ್ರೇ. ನಾಲ್ಕೇ ಸುತ್ತು.”

ಪಾಳಿಗೆ ಬಂದ ಹೆಂಗಸರು ಪಟ್ಟಿಯ ಪಕ್ಕ ಸಾಲಾಗಿ ನಿಂತಿದ್ದರು. ಅವನಿಗೆ ಬೇರೆ ದಾರಿಯಿರಲಿಲ್ಲ, ಓಡಿದ. ಆರು ಒಂಬತ್ತು.

“ಅತ್ತೆ... ಮನೆಯವರ ಹತ್ರಾನೂ ಇಷ್ಟು ಕಟ್ಟುನಿಟ್ಟಾ?” ಎಂದ ಏದುಸಿರು ಬಿಡುತ್ತ.

“ಟೇಪಿಗೆ ಅಳಿಯ, ಅತ್ತೆ ಅಂತ ಗೊತ್ತಾಗಲ್ಲ.”

ಆಕೆ ಅವನ ಜೇಬಿನ ಪೆನ್ನು ತೆಗೆದು ಅವನ ಕೈಗೇ ಇಟ್ಟಳು. ಗೋಡೆಯ ಮೇಲಿನ ಚೀಟಿಯ ಮೊದಲ ಸಾಲಿನಲ್ಲಿದ್ದ ತನ್ನ ಹೆಸರನ್ನು ಅವನು ಹೊಡೆದುಹಾಕಿ, ಅದರ ಪಕ್ಕದಲ್ಲಿ ಅತ್ತೆಯ ಹೆಸರು ಬರೆದ.