ಎರಡು ಹಿಡಿ ಸೋಡಾ

ತಾರಸಿಯ ಮೇಲೆ ನೀಲಿ ಡ್ರಮ್ಮಿನಲ್ಲಿ ಏಳು ವರ್ಷ ಸಾಕಿದ ಸೀಬೆ ಗಿಡ ನಾಲ್ಕೇ ದಿನದಲ್ಲಿ ಸುಟ್ಟಂತೆ ಒಣಗಿದ್ದು ಕಂಡು ಗಿಡದಮ್ಮ ಡ್ರಮ್ಮಿನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಳು. ಮೊದಲ ಸಲ ಬಿಟ್ಟಿದ್ದ ಹನ್ನೊಂದು ಕಾಯಿಗಳೂ ಉದುರಿ ಬಿದ್ದಿದ್ದವು. ಹೊಲಿಗೆ ಅಂಗಡಿ ಮುಚ್ಚಿದ ಮೇಲೆ ಆಕೆಗೆ ಉಳಿದಿದ್ದ ಹೆಮ್ಮೆ ಅದೊಂದೇ.

ಎಲೆಗಳಿಗೆ ಬಿಳಿ ಹುಳ ಹತ್ತಿತ್ತು, ನಿಜ. ಮೊಬೈಲಿನಲ್ಲಿ ತಾರಸಿ ತೋಟದ ಪಾಠ ಹೇಳುವ ಗಡ್ಡದವನು, "ಬುಡಕ್ಕೆ ಎರಡು ಹಿಡಿ ಅಡುಗೆ ಸೋಡಾ ಹಾಕಿ, ಆಮೇಲೆ ನೋಡಿ" ಎಂದಿದ್ದ. ಹಾಕಿದಳು. ಈಗ ನೋಡುತ್ತಿದ್ದಾಳೆ.

"ಅವನ ಜನ್ಮ ಜಾಲಾಡ್ತೀನಿ" ಎಂದು ವಿಡಿಯೋ ಕೆಳಗಿದ್ದ ನಂಬರಿಗೆ ಫೋನ್ ಮಾಡಿದಳು.

"ನರ್ಸರಿಯವರು ಹೇಳಿದ್ರು ಆಂಟಿ, ನಾನು ವಿಡಿಯೋ ಮಾಡ್ದೆ."

"ನಿನ್ನ ಗಿಡಕ್ಕೆ ಹಾಕಿ ನೋಡಿದ್ಯಾ?"

"ನನ್ನ ಹತ್ರ ಗಿಡ ಎಲ್ಲಿದೆ ಆಂಟಿ? ನಂದು ಕಿಟಕಿಯಿಲ್ಲದ ಬಾಡಿಗೆ ರೂಮು!"

ಗಿಡದಮ್ಮ ಬಾಯಿಗೆ ಬಂದಂತೆ ಬೈದು, ಯಾವ ನರ್ಸರಿ ಎಂದು ಕೇಳಿಕೊಂಡು, ಚಪ್ಪಲಿ ಮೆಟ್ಟಿ ಪಕ್ಕದ ಬೀದಿಯ ಆ ನರ್ಸರಿಗೆ ನಡೆದಳು. ನರ್ಸರಿಯವನು ಸಸಿಗಳಿಗೆ ನೀರು ಬಿಡುತ್ತಲೇ ಕೈ ತೊಳೆದುಕೊಂಡ. "ನಿಮ್ಮ ಬಿಲ್ಡಿಂಗಿನ ವಾಚ್‌ಮನ್ ಹೇಳಿದ್ದಮ್ಮ. ನಾನೇನು ಕನಸು ಕಂಡಿದ್ನಾ?"

ವಾಚ್‌ಮನ್! ಮೆಟ್ಟಿಲ ಹಿಂದೆ ಪೇಂಟ್ ಬಕೆಟ್ಟುಗಳಲ್ಲಿ ಮೆಣಸಿನಕಾಯಿ, ಬದನೆ ಬೆಳೆದುಕೊಂಡು ತೆಪ್ಪಗಿರುವ ಮನುಷ್ಯ. ಆಕೆಯನ್ನು ಕಂಡೊಡನೆ ಸ್ಟೂಲಿನಿಂದ ಎದ್ದು ನಿಂತ.

"ಸೋಡಾ ಹಾಕು ಅಂತ ಯಾವ ತಲೆಕೆಟ್ಟೋರು ಹೇಳಿದ್ದು ನಿಂಗೆ?"

ಅವನು ಕಣ್ಣು ಕಣ್ಣು ಬಿಟ್ಟ. "ನೀವೇ ಅಲ್ವಾಮ್ಮಾ? ಹೋದ ವರ್ಷ, ಇದೇ ಮೆಟ್ಟಿಲ ಮೇಲೆ?"

ಗಿಡದಮ್ಮನಿಗೆ ನೆನಪಾಯಿತು. ಎರಡು ಕೈಯಲ್ಲೂ ಚೀಲ, ಪಕ್ಕದಲ್ಲಿ ಮೂರನೇ ಮಹಡಿಯ ಹೆಂಗಸರು. ತನ್ನ ನಿಂಬೆ ಗಿಡಕ್ಕೆ ಬಿಳಿ ಹುಳ ಬಿದ್ದಿದೆ, ಏನು ಮಾಡಲಿ ಅಂತ ಇವನು ಕೇಳಿದ್ದ. ಬಿಲ್ಡಿಂಗಿಗೆಲ್ಲ ಗಿಡದಮ್ಮ ಅನ್ನಿಸಿಕೊಂಡವಳಿಗೆ ಅಷ್ಟು ಜನರೆದುರು ಗೊತ್ತಿಲ್ಲ ಎನ್ನಲು ನಾಲಿಗೆ ಹೊರಳಿರಲಿಲ್ಲ. ಎರಡು ಹಿಡಿ ಸೋಡಾ ಹಾಕು ಅಂತ ತೋಚಿದ್ದನ್ನು ಹೇಳಿ ಮೆಟ್ಟಿಲು ಹತ್ತಿದ್ದಳು. ಮನೆ ಬಾಗಿಲು ತೆಗೆಯುವಷ್ಟರಲ್ಲಿ ಮರೆತೂ ಬಿಟ್ಟಿದ್ದಳು.

"ಹಾಕಿದ್ಯಾ?" ಎಂದಳು.

"ಹಾಕ್ದೆ. ವಾರದಲ್ಲೇ ಗಿಡ ಹೋಯ್ತು. ನಿಮ್ಮ ಮಾತು ಸುಳ್ಳಾಗಲ್ಲ, ನನ್ನ ಕೈಯೇ ದೊಡ್ಡದು ಅಂದ್ಕೊಂಡೆ. ನಾಚಿಕೆಯಾಗಿ ನಿಮಗೆ ಹೇಳ್ಲಿಲ್ಲ." ತನ್ನ ಅಗಲವಾದ ಅಂಗೈ ಚಾಚಿ ತೋರಿಸಿದ. "ನರ್ಸರಿಯವರಿಗೂ ಹೇಳಿದ್ದೆ, ಹಿಡಿ ಸಣ್ಣದಿರ್ಬೇಕು ಅಂತ."

ಗಿಡದಮ್ಮ ಮೆಟ್ಟಿಲ ಮೇಲೆ ಕೂತಳು.

"ನಿನ್ನ ಕೈದೇನೂ ತಪ್ಪಿಲ್ಲಪ್ಪ. ನಂಗೆ ಗೊತ್ತಿರ್ಲಿಲ್ಲ. ಸುಮ್ನೆ ಹೇಳ್ಬಿಟ್ಟೆ."

ವಾಚ್‌ಮನ್ ನಕ್ಕ. "ಬಿಡೀಮ್ಮಾ, ನಿಮಗೆ ಗೊತ್ತಿಲ್ದೇ ಇರುತ್ತಾ?"