ಅನಂತಮತಿಯ ಹೆಸರಿನ ಪ್ರಾಣಿ

"ಆ ಹೆಸರ್ನ ತೆಗ್ಸಿಬಿಡೇ ಸಮತಾ, ಇವತ್ತೇ ತೆಗ್ಸು," ಎಂದು ಅನಂತಮತಿ ಪತ್ರಿಕೆಯನ್ನು ಮೊಮ್ಮಗಳ ಮುಂದಕ್ಕೆ ತಳ್ಳಿದರು. ಅದರಲ್ಲಿ ಬಾಯ್ತೆರೆದ ಡೈನೋಸಾರ್‌ ಚಿತ್ರ, ಕೆಳಗೆ ಅದರ ಹೆಸರಾಗಿ ಅಜ್ಜಿಯದೇ ಹೆಸರು.

ನರ್ಮದೆಯ ದಂಡೆಯ ಬಂಡೆಯಲ್ಲಿ ಸಿಕ್ಕ ದವಡೆ, ಕಾಲೆಲುಬುಗಳನ್ನು ವರ್ಷಗಟ್ಟಲೆ ಬಿಡಿಸಿ, ಗೊತ್ತಿರುವ ಬೇಟೆಗಾರ ಡೈನೋಸಾರ್‌ಗಳ ಜೊತೆಗೆಲ್ಲ ಹೋಲಿಸಿ, ಇದು ಬೇರೆಯದೇ ಜಾತಿ ಎಂದು ತೋರಿಸಿಕೊಟ್ಟವಳು ಸಮತಾ. ಹೆಸರಿಡುವ ಹಕ್ಕು ಸಿಕ್ಕಾಗ ಬೇರೆ ಯೋಚನೆಯೇ ಬರಲಿಲ್ಲ. ಕಲ್ಲು ಕೆರೆಯುವ ಹುಡುಗಿಯನ್ನು ಯಾರು ಮದುವೆಯಾಗುತ್ತಾರೆ ಎಂದು ನೆಂಟರೆಲ್ಲ ಮೂಗು ಮುರಿದಾಗ, "ಓದ್ಲಿ ಬಿಡ್ರೋ" ಎಂದವರು ಇದೇ ಅಜ್ಜಿ ತಾನೆ? ಪ್ರೀತಿ ಉಕ್ಕಿತು, ಬುದ್ಧಿ ಮಂಕಾಯಿತು. ಜೀವಹಿಂಸೆಯೆಂದು ಆಲೂಗಡ್ಡೆಯನ್ನೂ ಮುಟ್ಟದ, ನೀರನ್ನೂ ಸೋಸಿ ಕುಡಿಯುವ ಹೆಂಗಸಿನ ಹೆಸರನ್ನು ಹೋಗಿ ಹೋಗಿ ಅಂಥ ಮಾಂಸಾಹಾರಿಗೆ ಇಟ್ಟಳು!

ಅಷ್ಟರಲ್ಲಿ ಅಪ್ಪ ಅಭಯಕುಮಾರ ಚನ್ನರಾಯಪಟ್ಟಣದ ತಮ್ಮ ಪಾತ್ರೆ ಅಂಗಡಿಯಿಂದ ಮುಖ ಕೆಂಪಗೆ ಮಾಡಿಕೊಂಡು ಬಂದರು. "ಅಂಗಡೀಗೆ ಬಂದಿದ್ದ ಆ ಲಕ್ಕಯ್ಯ ಎಲ್ರ ಮುಂದೆ ಏನಂದ ಗೊತ್ತಾ? 'ನಿಮ್ಮವ್ವಾರು ಆನೆ ಗಾತ್ರದ್ನೆಲ್ಲ ನುಂಗ್ಬುಡ್ತಿದ್ರಂತೆ ಸಾ' ಅಂತಾನೆ! ನಾಳೆ ಬಸದೀಲಿ ಹೆಂಗೆ ಮುಖ ತೋರ್ಸೋದು?"

"ತೆಗೆಯಕ್ಕಾಗಲ್ಲಪ್ಪ," ಎಂದಳು ಸಮತಾ. "ವಿಜ್ಞಾನದ ಪತ್ರಿಕೇಲಿ ಒಂದ್ಸಲ ಅಚ್ಚಾದ್ರೆ ಮುಗೀತು. ಇಟ್ಟ ನಾನೇ ಬೇಡ ಅಂದ್ರೂ ಬದಲಾಯ್ಸೋ ಹಂಗಿಲ್ಲ."

"ನಾನು ಸತ್ತಮೇಲೂ?" ಅಜ್ಜಿ ಕೇಳಿದರು.

"ಹೂಂ ಅಜ್ಜಿ."

ಅಜ್ಜಿ ಪತ್ರಿಕೆಯನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡು ಚಿತ್ರದ ಹಲ್ಲುಗಳನ್ನು ನೋಡಿದರು.

"ಏನೇನು ತಿಂತಿತ್ತೇ ಇದು?"

"ಸಿಕ್ಕಿದ್ದೆಲ್ಲ. ಮರಿಗಳ್ನೂ."

"ಅಯ್ಯೋ ಕರ್ಮವೇ."

ಹೊತ್ತು ಮುಳುಗುವ ಮುಂಚೆ ಊಟ ಮುಗಿಸುವುದು ಆ ಮನೆಯ ಪದ್ಧತಿ. ಸಮತಾ ಮೂರು ತಟ್ಟೆ ಇಟ್ಟು ಬಡಿಸಿದಳು. ಅಪ್ಪ ಬಂದು ಕೂತರು. ಅಜ್ಜಿ ಜಗಲಿಯಲ್ಲಿ ಜಪಮಾಲೆ ಹಿಡಿದು ಕೂತೇ ಇದ್ದರು.

"ಬಾ ಅಜ್ಜಿ, ಹೊತ್ತು ಮುಳುಗುತ್ತೆ."

"ನೀವು ಊಟ ಮಾಡಿ. ನಂಗೆ ಉಪವಾಸ, ಆ ಪ್ರಾಣಿ ಲೆಕ್ಕದಲ್ಲಿ." ದನಿಯಲ್ಲಿ ಸಿಟ್ಟಿರಲಿಲ್ಲ. "ಕೊಲ್ಬಾರ್ದು ಅಂತ ಅದಕ್ಕೆ ಹೇಳಿಕೊಡೋರು ಯಾರಿದ್ರು, ಪಾಪ. ಹೆಸ್ರು ನಂದೇ ಅಂದ್ಮೇಲೆ ಅದ್ರ ಕರ್ಮಾನೂ ನಾನೇ ತೀರಿಸ್ಬೇಕಲ್ಲ."

"ಎಷ್ಟು ದಿನ ಅಜ್ಜಿ?"

"ಅದು ಎಷ್ಟು ವರ್ಷ ಬದುಕಿತ್ತೇ?"

ಕಾಲೆಲುಬಿನಲ್ಲಿ ವರ್ಷಕ್ಕೊಂದರಂತೆ ಮೂಡಿದ ಉಂಗುರಗಳನ್ನು ಎಣಿಸಿ ಆ ಲೆಕ್ಕ ಹಾಕಿದವಳೇ ಸಮತಾ. ಆ ಸಂಖ್ಯೆ ಹೇಳದೆ ಅಜ್ಜಿಯ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದಳು. ಗೋಡೆಯ ಮೇಲಿದ್ದ ಬಿಸಿಲು ಮೆಲ್ಲಗೆ ಇಳಿದುಹೋಯಿತು. ಅಪ್ಪ ಇನ್ನೊಂದು ತಟ್ಟೆ ತಂದು ಅಜ್ಜಿಯ ಅನ್ನದ ಮೇಲೆ ಮುಚ್ಚಿದರು.